ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಕೀಂಯ್ ಸದ್ದು: ಮೊದಲು ಬೆಲ್ಟ್ ನೋಡಿ

ಹೆಚ್ಚಾಗಿ ಇದು ಫ್ಯಾನ್ ಬೆಲ್ಟ್ (ಎಂಜಿನ್ ಬಲದಿಂದ ಆಲ್ಟರ್ನೇಟರ್, ಎಸಿ ಮುಂತಾದವನ್ನು ತಿರುಗಿಸುವ ರಬ್ಬರ್ ಪಟ್ಟಿ) ಜಾರುವ ಸದ್ದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಿರುಚಿ ಎರಡು ನಿಮಿಷದಲ್ಲಿ ನಿಲ್ಲುತ್ತದೆ, ಎಸಿ ಹಾಕಿದರೆ ಮತ್ತೆ ಬರುತ್ತದೆ ಅಂದರೆ ಮೊದಲ ಅನುಮಾನ ಬೆಲ್ಟ್ ಮೇಲೇ. ಸ್ಟಾರ್ಟ್ ಆದ ತಕ್ಷಣ ಆಲ್ಟರ್ನೇಟರ್ (ಕಾರಿನಲ್ಲಿ ಕರೆಂಟ್ ತಯಾರಿಸುವ ಭಾಗ) ಬ್ಯಾಟರಿ ತುಂಬಿಸಬೇಕು. ಆಗ ಬೆಲ್ಟ್ ಮೇಲೆ ಭಾರ ಜಾಸ್ತಿ.

ಎಂಜಿನ್ ಆಫ್ ಮಾಡಿ, ಕೀ ತೆಗೆದು, ತಣ್ಣಗಾದ ಮೇಲೆ ಬೆಲ್ಟ್ ನೋಡಿ. ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ಎಣ್ಣೆ ತಾಗಿದ್ದರೆ ಬದಲಿಸಿ. ಹಳೆ ಕಾರಿನಲ್ಲಿ ಎಸಿಗೆ ಬೇರೆ ಬೆಲ್ಟ್ ಇರಬಹುದು, ಅದನ್ನೂ ನೋಡಿ.

ಚೆನ್ನಾಗಿದ್ದರೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿಟ್ಟು, ದೂರದಿಂದ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ. ತೋಳು, ದುಪಟ್ಟಾ, ಕೈ ಹತ್ತಿರ ಹೋಗಲೇಬಾರದು. ಸದ್ದು ಜೋರಾದರೆ ಬೆಲ್ಟ್ ಸಡಿಲ, ಬಿಗಿ ಮಾಡಿಸಿ. ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು (ಬೆಲ್ಟ್ ಸುತ್ತಿಕೊಂಡಿರುವ ಚಕ್ರಗಳು) ಒಂದೇ ಸಾಲಿನಲ್ಲಿಲ್ಲದಿರಬಹುದು. ಸುಮ್ನೆ ವಿಪರೀತ ಬಿಗಿ ಮಾಡಿಸಬೇಡಿ, ಆಲ್ಟರ್ನೇಟರ್ ಬೇರಿಂಗ್ (ಅದು ಸಲೀಸಾಗಿ ತಿರುಗುವಂತೆ ಮಾಡುವ ಭಾಗ) ಹಾಳಾಗುತ್ತದೆ. ಸದ್ದು ನಿಲ್ಲಲೆಂದು ಎಣ್ಣೆ, ಗ್ರೀಸ್ ಅಂತೂ ಹಾಕಲೇಬೇಡಿ.

ನೀರಿಗೆ ಏನೂ ಬದಲಾಗದಿದ್ದರೆ ಬೇರಿಂಗ್ ಮೇಲೆ ಅನುಮಾನ. ಸದ್ದು ಕೇಳದೆ ಯಾವುದು ಅಂತ ಖಚಿತವಾಗಿ ಹೇಳಲಾರೆ. ಮೆಕ್ಯಾನಿಕ್ ಹತ್ತಿರ ಬೆಲ್ಟ್ ಬಿಚ್ಚಿಸಿ, ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ ನೋಡಲು ಹೇಳಿ. ಗರಗರ ಅಂದದ್ದು ಅಥವಾ ಅಲ್ಲಾಡಿದ್ದು ಸಿಕ್ಕರೆ ಅದೇ ಕಳ್ಳ.

ವಾಟರ್ ಪಂಪ್ ಪುಲ್ಲಿ ಅಲ್ಲಾಡುತ್ತಿದ್ದರೆ, ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೋರುತ್ತಿದ್ದರೆ ಅಥವಾ ಬ್ಯಾಟರಿ ದೀಪ ಹತ್ತಿದರೆ ಕಾರು ಓಡಿಸಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.