ಸಿಗಡಿಯ ಚಿಪ್ಪು ಗಟ್ಟಿಯಾಗುತ್ತಿಲ್ಲ, ಮಿನರಲ್ ಹಾಕಬೇಕೇ?

ಪ್ರಶ್ನೆ: ಕುಶಾಲನಗರದ ಹತ್ತಿರ ನಮ್ಮದು ಕಾಫಿ, ಕರಿಮೆಣಸಿನ ತೋಟ. ತಗ್ಗಿನಲ್ಲಿ 25 ಸೆಂಟಿನ ಕೆರೆ ಇದೆ, ನೀರು ನಾಲ್ಕಡಿ. ಏಪ್ರಿಲ್‌ನಲ್ಲಿ ಕಾಟ್ಲಾ ಮರಿಗಳ ಜೊತೆ 2,000 ಸಿಹಿನೀರಿನ ಸಿಗಡಿ ಮರಿ ಬಿಟ್ಟೆವು. ಮೇ ಕೊನೆಯವರೆಗೂ ಚೆನ್ನಾಗಿದ್ದವು. ಮಳೆ ಹಿಡಿದ ಮೇಲೆ ಚಿಪ್ಪು ಮೆತ್ತಗಾಗಿದೆ. ದಿನಾ ಬೆಳಿಗ್ಗೆ ದಡದಲ್ಲಿ ನಾಲ್ಕೈದು ಸತ್ತು ಬಿದ್ದಿರುತ್ತವೆ. ನೀರು ಪರೀಕ್ಷೆ ಮಾಡಿಸಿದೆವು: ಪಿಎಚ್ 6.4, ಕ್ಷಾರತೆ ಲೀಟರಿಗೆ 18 ಮಿಲಿಗ್ರಾಂ, ಗಡಸುತನ 16 ಮಿಲಿಗ್ರಾಂ. ಅಂಗಡಿಯವರು ‘ಸಿಗಡಿ ಮಿನರಲ್’ ಎಂದು 10 ಕೆ.ಜಿ. ಚೀಲ ಕೊಟ್ಟಿದ್ದಾರೆ. ಹಾಕಬಹುದೇ?

ಉತ್ತರ: ನೀರು ಪರೀಕ್ಷೆ ಮಾಡಿಸಿ ಬರೆದಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಚೀಲವನ್ನು ಸದ್ಯಕ್ಕೆ ಬಿಚ್ಚಬೇಡಿ.

ನಿಮ್ಮ ಕೆರೆಯಲ್ಲಿ ಸುಮಾರು 12 ಲಕ್ಷ ಲೀಟರ್ ನೀರಿದೆ. ಆ ಚೀಲದಲ್ಲಿರುವುದೆಲ್ಲ ಬರೀ ಸುಣ್ಣದ ಪುಡಿ ಎಂದೇ ಇಟ್ಟುಕೊಳ್ಳಿ. ಆಗಲೂ ಕ್ಷಾರತೆ 18 ಇದ್ದದ್ದು 26 ಆಗುತ್ತದೆ, ಅಷ್ಟೇ. ಅಂಥ ಚೀಲಗಳನ್ನು ಹೆಚ್ಚಾಗಿ ಉಪ್ಪು ಬೋರ್‌ವೆಲ್ ನೀರಿನಲ್ಲಿ ವನಾಮಿ ಎಂಬ ಸಮುದ್ರದ ಸಿಗಡಿ ಸಾಕುವವರಿಗಾಗಿ ಮಾಡುತ್ತಾರೆ. ಅಲ್ಲಿ ಸೋಡಿಯಂ ಜಾಸ್ತಿ, ಪೊಟ್ಯಾಷ್ ಕಡಿಮೆ. ಅದನ್ನು ಸರಿದೂಗಿಸದಿದ್ದರೆ ಸಿಗಡಿ ಸೆಟೆದುಕೊಂಡು ಸಾಯುತ್ತದೆ. ನಿಮ್ಮದು ಕೊಡಗಿನ ಮಳೆ ನೀರು, ಸಿಹಿನೀರಿನ ಸಿಗಡಿ. ನಿಮ್ಮ ಕೊರತೆಯೇ ಬೇರೆ.

ಸಿಗಡಿ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಕಳಚಲೇಬೇಕು. ಕಳಚುವಾಗ ಅದರಲ್ಲಿದ್ದ ಸುಣ್ಣದ ಅಂಶವೂ ಬಹುಪಾಲು ಹೋಗಿಬಿಡುತ್ತದೆ. ಹೊಸ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅನ್ನು ಅದು ಹೆಚ್ಚಾಗಿ ಕಿವಿರಿನ ಮೂಲಕ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ವಾ? ಕ್ಯಾಲ್ಸಿಯಂ ಗಡಸುತನದಿಂದ ಬಂದರೆ, ಕಾರ್ಬೊನೇಟ್ ಕ್ಷಾರತೆಯಿಂದ ಬರುತ್ತದೆ. ನಿಮ್ಮ ನೀರಿನಲ್ಲಿ ಎರಡೂ ತೀರಾ ಕಡಿಮೆ. ಮೊದಲಿದ್ದ ಅಷ್ಟಿಷ್ಟನ್ನೂ ಜೂನ್ ಮಳೆ ತೆಳು ಮಾಡಿದೆ. ಮೆತ್ತಗಿರುವ ಸಿಗಡಿಯನ್ನು ಜೊತೆಯ ಸಿಗಡಿಗಳೇ ತಿಂದುಬಿಡುತ್ತವೆ. ಹಾಗಾಗಿ ದಡದಲ್ಲಿ ಕಾಣುವುದಕ್ಕಿಂತ ನಿಜವಾದ ನಷ್ಟ ಹೆಚ್ಚೇ ಇರಬಹುದು. ಹಳೆಯ ಹೆಂಚು, ಬಿದಿರಿನ ತುಂಡು ಇಳಿಬಿಡಿ. ಚಿಪ್ಪು ಬಲಿಯುವವರೆಗೆ ಅಡಗಲು ಜಾಗವಾಗುತ್ತದೆ.

ನಿಮಗೆ ಬೇಕಾದದ್ದು ಕಾಫಿ ಗಿಡಕ್ಕೆ ಹಾಕುವ ಅದೇ ಕೃಷಿ ಸುಣ್ಣ, ಅಂದರೆ ಸುಣ್ಣಕಲ್ಲಿನ ಪುಡಿ. ಅರ್ಧ ಡಾಲೊಮೈಟ್ ಬೆರೆಸಿದರೆ ಮೆಗ್ನೀಷಿಯಂ ಕೂಡ ಸಿಗುತ್ತದೆ. ಕ್ಷಾರತೆಯನ್ನು 18ರಿಂದ 60ಕ್ಕೆ ಏರಿಸಲು ಲೆಕ್ಕದ ಪ್ರಕಾರ 50 ಕೆ.ಜಿ. ಸಾಕು. ಆದರೆ ನಮ್ಮ ಹುಳಿ ಮಣ್ಣಿನ ಕೆಸರು ಮೊದಲು ತನ್ನ ಪಾಲು ತಿನ್ನುತ್ತದೆ, ಹಾಗಾಗಿ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ಒಂದೇ ಸಲ ಸುರಿಯಬೇಡಿ. ನುಣ್ಣನೆ ಪುಡಿಯನ್ನು ಡ್ರಮ್ಮಿನಲ್ಲಿ ಕದಡಿ, ಸಲಕ್ಕೆ 25 ಕೆ.ಜಿ.ಯಂತೆ ಕೆರೆಯ ತುಂಬ ಎರಚಿ. ಮೂರು ನಾಲ್ಕು ದಿನ ಬಿಟ್ಟು ಪರೀಕ್ಷಿಸಿ, ಮತ್ತೆ ಹಾಕಿ. 50-60 ಮುಟ್ಟಿದರೆ ನಿಲ್ಲಿಸಿ. ಅದಕ್ಕಿಂತ ಮೇಲೆ ಈ ಸುಣ್ಣ ಸುಲಭವಾಗಿ ಕರಗುವುದೂ ಇಲ್ಲ. ಜಿಪ್ಸಂ ಹಾಕಿದರೆ ಗಡಸುತನ ಏರುತ್ತದೆ, ಕ್ಷಾರತೆ ಏರುವುದಿಲ್ಲ. ಹಾಗಾಗಿ ಅದೊಂದೇ ಸಾಲದು.

ಒಂದು ಎಚ್ಚರಿಕೆ. ಬೋರ್ಡೋಗೆಂದು (ಮೈಲುತುತ್ತ, ಸುಣ್ಣ ಕಲಸಿ ಮಾಡುವ ಶಿಲೀಂಧ್ರನಾಶಕ) ತಂದಿಟ್ಟ ನೀರುಸುಣ್ಣವನ್ನು, ಅಂದರೆ ಅರಳಿಸಿದ ಸುಣ್ಣವನ್ನು, ಸಿಗಡಿ ಇರುವ ಕೆರೆಗೆ ಹಾಕಲೇಬೇಡಿ. ಇಷ್ಟು ಮೃದುವಾದ ನೀರಿನಲ್ಲಿ ಪಿಎಚ್ ಗಂಟೆಯೊಳಗೆ 10 ದಾಟಬಹುದು. ಮೀನೂ ಉಳಿಯುವುದಿಲ್ಲ.

ಬೋರ್ಡೋ ಎಂದಾಗ ಇನ್ನೊಂದು ಅನುಮಾನ ಬರುತ್ತದೆ. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಹೊಡೆದಿದ್ದಿರಾ? ಔಷಧಿ ಕಲಸಿದ ಡ್ರಮ್ಮನ್ನು ಕೆರೆ ಬದಿಯಲ್ಲಿ ತೊಳೆದರೇ? ದಯವಿಟ್ಟು ಇದನ್ನು ನೆನಪು ಮಾಡಿಕೊಳ್ಳಿ. ಸಿಗಡಿಯ ರಕ್ತದಲ್ಲೇ ತಾಮ್ರ ಇದೆ, ಆಹಾರದಲ್ಲಿ ಚೂರು ತಾಮ್ರ ಅದಕ್ಕೆ ಬೇಕೇ ಬೇಕು. ಆದರೆ ನೀರಿನಲ್ಲಿ ಕರಗಿದ ತಾಮ್ರ ಕಿವಿರನ್ನು ಸುಡುತ್ತದೆ. ಬೋರ್ಡೋಗೆ ಹಾಕುವ ಒಂದು ಕಿಲೋ ಮೈಲುತುತ್ತದಲ್ಲಿ (ತಾಮ್ರದ ಸಲ್ಫೇಟ್) ಕಾಲು ಕಿಲೋ ತಾಮ್ರ ಇರುತ್ತದೆ. ಅಷ್ಟು ನಿಮ್ಮ ಕೆರೆಯಲ್ಲಿ ಕರಗಿದರೆ ಲೀಟರಿಗೆ 0.2 ಮಿಲಿಗ್ರಾಂ ಆಗುತ್ತದೆ, ಮೃದು ನೀರಿನಲ್ಲಿ ಮರಿಗಳಿಗೆ ಅದೇ ಕುತ್ತು. ಕ್ಷಾರತೆ ಚೆನ್ನಾಗಿರುವ ನೀರಿನಲ್ಲಿ ತಾಮ್ರದ ವಿಷ ತಗ್ಗುತ್ತದೆ, ನಿಮ್ಮಂಥ ನೀರಿನಲ್ಲಿ ಏರುತ್ತದೆ. ಕೀಟನಾಶಕಗಳಂತೂ ಇನ್ನೂ ಅಪಾಯ. ಸಿಗಡಿಯೂ ಕೀಟದ ದೂರದ ನೆಂಟನೇ. ಹುಳಕ್ಕೆ ಹೊಡೆದದ್ದು ಮೀನನ್ನು ಬಿಟ್ಟರೂ ಸಿಗಡಿಯನ್ನು ಬಿಡುವುದಿಲ್ಲ. ತೋಟದ ನೀರು ಕೆರೆಗೆ ನೇರ ಇಳಿಯದಂತೆ ಮೇಲ್ಭಾಗದಲ್ಲಿ ಒಂದು ಚರಂಡಿ ತೆಗೆದು ಸುತ್ತು ಹಾಕಿಸಿ. ಮಳೆ ನೀರು ಕ್ಷಾರತೆಯನ್ನು ತೆಳು ಮಾಡುವುದೂ ಇದರಿಂದ ಕಡಿಮೆಯಾಗುತ್ತದೆ.

ಸತ್ತವುಗಳಲ್ಲಿ ಗಟ್ಟಿ ಚಿಪ್ಪಿನವೂ ಇವೆಯಾ ನೋಡಿ. ಬರೀ ಮೆತ್ತಗಿನವೇ ಸಾಯುತ್ತಿದ್ದರೆ ಸುಣ್ಣದ ಕೊರತೆಯ ಸಾಧ್ಯತೆ ಹೆಚ್ಚು. ಎಲ್ಲವೂ ಸಾಯುತ್ತಿದ್ದರೆ ಮೊದಲು ಔಷಧಿಯನ್ನೇ ಅನುಮಾನಿಸಿ. ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಎಷ್ಟಿದೆ ಎಂದೂ ಅಳತೆ ಮಾಡಿಸಿ. ಅದು ಕಡಿಮೆಯಾದರೂ ಸಾವು ಬೆಳಿಗ್ಗೆಯೇ ಕಾಣುತ್ತದೆ.

ಸಿಗಡಿಗೆ ಬೇಕಾದ ರಂಜಕ ಮಾತ್ರ ನೀರಿನಿಂದ ಸಾಕಷ್ಟು ಸಿಗುವುದಿಲ್ಲ, ತಿಂಡಿಯಿಂದಲೇ ಬರಬೇಕು. ಕಂಪನಿ ತಿಂಡಿ ಹಾಕುತ್ತಿದ್ದರೆ ಅದರಲ್ಲೇ ಇರುತ್ತದೆ. ಮನೆಯಲ್ಲೇ ತೌಡು, ಹಿಂಡಿ ಕಲಸುವುದಾದರೆ 100 ಕೆ.ಜಿ.ಗೆ ಒಂದು ಕೆ.ಜಿ. ಮಿನರಲ್ ಮಿಕ್ಸ್ಚರ್ ಸೇರಿಸಿ ಉಂಡೆ ಕಟ್ಟಿ.

ಡಿಸೆಂಬರ್ ಚಳಿಗೆ ಮೊದಲೇ ಸಿಗಡಿ ಹಿಡಿದುಬಿಡಿ. ಮುಂದೆ ಕೆರೆ ಒಣಗಿಸಿದಾಗ ತಳಕ್ಕೆ 200 ಕೆ.ಜಿ. ಕೃಷಿ ಸುಣ್ಣ ಎರಚಿ, ಆಮೇಲೆ ನೀರು ತುಂಬಿಸಿ. ಈ ವರ್ಷದ ಗೋಳು ಬಹಳ ಮಟ್ಟಿಗೆ ತಪ್ಪುತ್ತದೆ.

ಪ್ರಶ್ನೆ: ವಿರಾಜಪೇಟೆ ಕಡೆ ಗದ್ದೆ ಪಾಳು ಬಿದ್ದಿದೆ. ಉಪ್ಪು, ಮಿನರಲ್ ಹಾಕಿ ವನಾಮಿ ಸಾಕಬಹುದೇ?

ಉತ್ತರ: ಬೇಡ. ವನಾಮಿಗೆ ನೀರು 28-32 ಡಿಗ್ರಿ ಬೆಚ್ಚಗಿರಬೇಕು, ನಿಮ್ಮಲ್ಲಿ ವರ್ಷದ ಹೆಚ್ಚು ಕಾಲ ಅಷ್ಟು ಸಿಗುವುದಿಲ್ಲ. ಉಪ್ಪು ಕಡಿಮೆ ಮಾಡಿ, ಲೀಟರಿಗೆ 5 ಗ್ರಾಂ ಇಟ್ಟರೂ ಸಮುದ್ರದ ಲೆಕ್ಕಕ್ಕೆ ಸರಿಯಾಗಿ ಲೀಟರಿಗೆ ಸುಮಾರು 55 ಮಿಲಿಗ್ರಾಂ ಪೊಟ್ಯಾಷಿಯಂ, 190 ಮಿಲಿಗ್ರಾಂ ಮೆಗ್ನೀಷಿಯಂ ಕೂಡಿಸಬೇಕು. ಪ್ರತಿ ಮಳೆಗೂ ಅದು ಕೊಚ್ಚಿ ಹೋಗುತ್ತದೆ. ದುಡ್ಡಿನ ಮಾತು ಬಿಡಿ, ಆ ಉಪ್ಪು ನೀರು ಕೊನೆಗೆ ಎಲ್ಲಿ ಹೋಗುತ್ತದೆ? ಕೆಳಗಿನವರ ಗದ್ದೆಗೆ, ಬಾವಿಗೆ, ಅಲ್ಲಿಂದ ಹೊಳೆಗೆ. ಒಮ್ಮೆ ಉಪ್ಪು ಕುಡಿದ ಗದ್ದೆಯಲ್ಲಿ ಮತ್ತೆ ಭತ್ತ ಎಬ್ಬಿಸುವುದು ಬಹಳ ಕಷ್ಟ. ಕಾಟ್ಲಾ, ರೋಹು, ಗೆಂಡೆ ಸಾಕಿ. ಅದಕ್ಕೂ ಸುಣ್ಣ ಬೇಕಾಗುತ್ತದೆ, ಮೊದಲು ನೀರು ಪರೀಕ್ಷೆ ಮಾಡಿಸಿ.