ಯುದ್ಧದಿಂದ ಬಂದ ಅಣ್ಣ ಸೈನಿಕ ಗೆಳೆಯರ ಹತ್ತಿರ ಮಾತ್ರ ಮಾತಾಡುತ್ತಾರೆ, ತಡೆಯಬೇಕಾ?

ಅಣ್ಣ ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಜೊತೆಗಿದ್ದ ಸೈನಿಕರ ಹತ್ತಿರ ಮಾತ್ರ ಗಂಟೆಗಟ್ಟಲೆ ಮಾತಾಡುತ್ತಾರೆ ಎಂದು ಬರೆದಿದ್ದೀರಿ. ದಯವಿಟ್ಟು ತಡೆಯಬೇಡಿ. ನಾನೂ ಯುದ್ಧ ನೋಡಿ ಬಂದವನು. ಈಗ ವಾಪಸ್ ಬಂದ ಸೈನಿಕರ ಮಾತಿಗೆ ಕಿವಿಯಾಗುತ್ತೇನೆ.

ಅಣ್ಣನಿಗೆ ನಿಮ್ಮ ಮೇಲೆ ಪ್ರೀತಿ ಕಡಿಮೆಯಾಗಿಲ್ಲ. ಕಂಡದ್ದನ್ನೆಲ್ಲ ಹೇಳಿದರೆ ಮನೆಯವರ ನಿದ್ದೆ ಹೋಗುತ್ತದೆ ಎಂದು ಎಷ್ಟೋ ಜನ ಸುಮ್ಮನಿರುತ್ತಾರೆ. 'ಪಕ್ಕದಲ್ಲಿದ್ದವನು ಹೋದ, ನಾನ್ಯಾಕೆ ಉಳಿದೆ?' ಎಂಬ ಪ್ರಶ್ನೆಯಂತೂ ಒಳಗೇ ಕೊರೆಯುತ್ತಿರುತ್ತದೆ. ಮನೆಯಲ್ಲಿ ಅದನ್ನು ಆಡಿದರೆ 'ಬಿಡ್ತು ಅನ್ನು' ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು, ಆದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ, ಅಲ್ವಾ? ಅದೇ ಪ್ರಶ್ನೆ ಹೊತ್ತುಕೊಂಡಿರುವ ಇನ್ನೊಬ್ಬ ಸೈನಿಕ ಸಮಾಧಾನ ಹೇಳಲು ಹೋಗುವುದಿಲ್ಲ. ಸತ್ತವನ ಹೆಸರು ಹೇಳುತ್ತಾನೆ. ಅವನು ಮಾಡಿದ ಕೀಟಲೆ ನೆನೆಯುತ್ತಾನೆ. ಅಲ್ಲಿ ಅಳಬಹುದು, ನಗಬಹುದು. ಯಾರೂ ಗಾಬರಿಯಾಗುವುದಿಲ್ಲ.

ಯುದ್ಧದಂಥ ಘೋರ ಅನುಭವದ ನಂತರ ಮನಸ್ಸನ್ನು ಕಾಡುವ ಕಾಯಿಲೆಗೆ ಪಿಟಿಎಸ್‌ಡಿ ಎನ್ನುತ್ತಾರೆ. ಆ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ನ್ಯೂಯಾರ್ಕ್‌ನಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು ಗುಂಪಾಗಿ ಕೂತು ಮಾತಾಡಲು ಶುರು ಮಾಡಿದ್ದರು. ರಾಬರ್ಟ್ ಲಿಫ್ಟನ್, ಚೈಮ್ ಶಾಟನ್ ಎಂಬ ಮನೋವೈದ್ಯರು ಅವರ ಜೊತೆ ಕೂತು ಕೇಳಿಸಿಕೊಂಡರು. ಕಾಯಿಲೆಯನ್ನು ಕೈಪಿಡಿಗೆ ಸೇರಿಸಲು ಹೋರಾಡಿದವರಲ್ಲಿ ಶಾಟನ್ ಕೂಡ ಒಬ್ಬರು. ಸೈನಿಕರು ಮೊದಲು ತಮ್ಮತಮ್ಮಲ್ಲೇ ಆಡಿಕೊಂಡ ಮಾತಿನಿಂದ ಎಷ್ಟೋ ಜನರಿಗೆ ಚಿಕಿತ್ಸೆಯ ದಾರಿ ತೆರೆಯಿತು. ಇದು ನನಗೆ ಇವತ್ತಿಗೂ ದೊಡ್ಡ ಧೈರ್ಯ.

ಬರೀ ಮಾತೇ ಆಗಬೇಕೆಂದಿಲ್ಲ. ಪಿಂಚಣಿ ಕಾಗದ ಹಿಡಿದು ಕಚೇರಿಗೆ ಒಬ್ಬನೇ ಹೋಗಲಾಗದವನ ಜೊತೆ ಹೋಗುತ್ತೇವೆ. ಡಾಕ್ಟರ ಬಾಗಿಲವರೆಗೂ ಹೋಗಿ ವಾಪಸ್ ಬರುವವರು ಜಾಸ್ತಿ. ಅಂಥವರಿಗೆ 'ನಾನೂ ಮಾತ್ರೆ ತಗೊಂಡಿದ್ದೆ, ಬಾ' ಎಂದು ಇನ್ನೊಬ್ಬ ಸೈನಿಕ ಹೇಳಿದರೆ ಒಳಗೆ ಕಾಲಿಡುತ್ತಾರೆ.

ಒಂದು ವಿಷಯ ಗಮನಿಸಿ. ಗೆಳೆಯರು ಸೇರಿದಾಗಲೆಲ್ಲ ಬರೀ ಕುಡಿತವೇ ನಡೆದರೆ ಅದು ಆಸರೆಯಲ್ಲ. ಅಣ್ಣ ಸಾಯುವ ಮಾತಾಡಿದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ ತಡಮಾಡಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಬಂದೂಕಿದ್ದರೆ ಕೈಗೆ ಸಿಗದಂತೆ ಮಾಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಣ್ಣ ನಂಬುವ ಗೆಳೆಯರೊಬ್ಬರ ನಂಬರನ್ನು ಇವತ್ತೇ ಕೇಳಿ ಇಟ್ಟುಕೊಳ್ಳಿ. ಅಣ್ಣನಿಗೆ ಗೊತ್ತಿರುವ ಹಾಗೆಯೇ ಕೇಳಿ.