ಯಾವ ಫೋಟೊ ಸಾಫ್ಟ್‌ವೇರ್ ವೇಗ? ನೀವು ಕಾಯುವುದು ಎಲ್ಲಿ ಎಂದು ಮೊದಲು ನೋಡಿ

ಪ್ರಶ್ನೆ: ಮದುವೆ ಫೋಟೊಗ್ರಫಿ ನನ್ನ ಕಸುಬು. ಒಂದು ಮದುವೆಗೆ ಸುಮಾರು 3,000 ರಾ ಫೋಟೊ ಆಗುತ್ತವೆ. ಅವನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಿಕೊಂಡು, ಲೈಟ್‌ರೂಮ್ ಕ್ಲಾಸಿಕ್‌ನ ಡೆವಲಪ್‌ನಲ್ಲಿ (ಫೋಟೊ ತಿದ್ದುವ ಭಾಗ) ಒಂದೊಂದೇ ನೋಡುತ್ತಾ ಆಲ್ಬಂಗೆ ಆರಿಸುತ್ತೇನೆ. ಪ್ರತಿ ಫೋಟೊ ಸ್ಪಷ್ಟವಾಗಲು ಎರಡು ಸೆಕೆಂಡ್ ಬೇಕು. ಫೋಟೊ ಮೆಕ್ಯಾನಿಕ್ ತಗೋ ಅಂತ ಗೆಳೆಯರು ಹೇಳುತ್ತಾರೆ. ಕ್ಯಾಪ್ಚರ್ ಒನ್‌ನಲ್ಲಿ ಎಕ್ಸ್‌ಪೋರ್ಟ್ ಬೇಗ ಅಂತ ವಿಡಿಯೊದಲ್ಲಿ ನೋಡಿದೆ. ಡಾರ್ಕ್‌ಟೇಬಲ್ ಉಚಿತವಂತೆ. ನಿಜಕ್ಕೂ ಯಾವುದು ವೇಗ? ಅಥವಾ ಕಂಪ್ಯೂಟರನ್ನೇ ಬದಲಿಸಲೇ?
– ಓದುಗರು, ಹಾವೇರಿ

ಉತ್ತರ: 3,000 ಫೋಟೊಗೆ ಎರಡೆರಡು ಸೆಕೆಂಡ್ ಎಂದರೆ 100 ನಿಮಿಷ. ಅಷ್ಟು ಹೊತ್ತು ನೀವು ಮಾನಿಟರ್ ಮುಂದೆ ಸುಮ್ಮನೆ ಕೂತಿರುತ್ತೀರಿ. ಎಕ್ಸ್‌ಪೋರ್ಟ್‌ಗೆ ಒಂದು ಗಂಟೆ ಹಿಡಿದರೂ ತಲೆಬಿಸಿಯಿಲ್ಲ, ಬಟನ್ ಒತ್ತಿ ಊಟಕ್ಕೆ ಹೋಗಬಹುದು. ಎಕ್ಸ್‌ಪೋರ್ಟ್ ಅಳೆಯುವುದು ಸುಲಭ, ಅದಕ್ಕೇ ವಿಡಿಯೊ ಮಾಡುವವರೆಲ್ಲ ಅದನ್ನೇ ಅಳೆಯುತ್ತಾರೆ. ನಿಮ್ಮ ಸಮಯ ಹೋಗುತ್ತಿರುವುದು ಆಯ್ಕೆಯಲ್ಲಿ.

ರಾ ಫೈಲ್ ಎಂದರೆ ಇನ್ನೂ ಫೋಟೊ ಆಗದ ಸೆನ್ಸರ್ ಮಾಹಿತಿ. ಪ್ರತಿ ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದರ ಲೆಕ್ಕ ಮಾತ್ರ ಇರುತ್ತದೆ; ಉಳಿದೆರಡನ್ನು ಸಾಫ್ಟ್‌ವೇರ್ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಊಹಿಸಬೇಕು. ಡೆವಲಪ್‌ನಲ್ಲಿ ನೀವು ಫೋಟೊ ತೆರೆದಾಗ ಲೈಟ್‌ರೂಮ್ ಮಾಡುವುದು ಈ ಕೆಲಸವನ್ನೇ. ಆದರೆ ಅದೇ ಫೈಲಿನೊಳಗೆ ಕ್ಯಾಮೆರಾ ತಾನೇ ತಯಾರಿಸಿದ ಒಂದು ಜೆಪೆಗ್ ಕೂಡ ಇರುತ್ತದೆ. ಫೋಟೊ ಮೆಕ್ಯಾನಿಕ್ ಅದನ್ನು ಎತ್ತಿ ತೋರಿಸುತ್ತದೆ, ಅಷ್ಟೇ. ಪತ್ರಿಕಾ ಛಾಯಾಗ್ರಾಹಕರು ಅದನ್ನು ಮೆಚ್ಚುವುದು ಇದಕ್ಕೇ. ಕೆಲಸವೇ ಕಡಿಮೆ ಇರುವ ಸಾಫ್ಟ್‌ವೇರನ್ನೂ ಲೈಟ್‌ರೂಮನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡಿಸುವುದು ನ್ಯಾಯವಲ್ಲ.

ಈ ಸೌಲಭ್ಯ ನಿಮ್ಮ ಲೈಟ್‌ರೂಮಿನಲ್ಲೇ ಇದೆ. 2017ರ ಆವೃತ್ತಿಯಿಂದ, ಇಂಪೋರ್ಟ್ ಮಾಡುವಾಗ ಪ್ರಿವ್ಯೂ ಜಾಗದಲ್ಲಿ ‘ಎಂಬೆಡೆಡ್ ಆ್ಯಂಡ್ ಸೈಡ್‌ಕಾರ್’ ಎಂದು ಆರಿಸಿದರೆ ಕ್ಯಾಮೆರಾದ ಜೆಪೆಗ್ಗನ್ನೇ ತೋರಿಸುತ್ತದೆ. ಆಮೇಲೆ ಡೆವಲಪ್‌ಗೆ ಕಾಲಿಡದೆ ಲೈಬ್ರರಿಯಲ್ಲೇ (ಫೋಟೊಗಳನ್ನು ಜೋಡಿಸಿಟ್ಟು ನೋಡುವ ಭಾಗ) ಆರಿಸಿ. ಒಂದು ಎಚ್ಚರಿಕೆ: ಸೋನಿಯ ಹಲವು ಮಾದರಿಗಳಲ್ಲಿ ಈ ಜೆಪೆಗ್ 1616×1080 ಅಳತೆಯದ್ದು. ಧಾರೆ ಹೊತ್ತಿನಲ್ಲಿ ವಧುವಿನ ಕಣ್ಣು ಫೋಕಸ್‌ನಲ್ಲಿದೆಯೇ ಎಂದು ಅದರಲ್ಲಿ ಹಿಗ್ಗಿಸಿ ನೋಡಲಾಗದು. ಅಂಥ ಕ್ಯಾಮೆರಾ ನಿಮ್ಮದಾಗಿದ್ದರೆ ರಾ ಜತೆಗೆ ಜೆಪೆಗ್ ಕೂಡ ತೆಗೆಯಿರಿ, ಇಲ್ಲವೇ ಹಿಂದಿನ ರಾತ್ರಿಯೇ 1:1 ಪ್ರಿವ್ಯೂ (ಪೂರ್ಣ ಅಳತೆಯದ್ದು) ಕಟ್ಟಲು ಹಚ್ಚಿ ಮಲಗಿ. ಇನ್ನೊಂದು, ವಿಡಿಯೊದವರ ಲೈಟಿಗೆ ಜರಿ ಸೀರೆ ಬೆಳ್ಳಗೆ ಸುಟ್ಟಂತೆ ಜೆಪೆಗ್‌ನಲ್ಲಿ ಕಂಡರೂ ರಾ ಫೈಲಿನಲ್ಲಿ ವಿವರ ಉಳಿದಿರಬಹುದು. ನೋಡಿದ ಕೂಡಲೇ ಡಿಲೀಟ್ ಮಾಡಬೇಡಿ.

ಕಂಪ್ಯೂಟರ್ ಬದಲಿಸುವ ಮುನ್ನ ಕೇಬಲ್, ಡಿಸ್ಕ್ ನೋಡಿ. 24 ಮೆಗಾಪಿಕ್ಸೆಲ್ ರಾ ಫೈಲ್ ಒಂದಕ್ಕೆ 25–30 ಎಂಬಿ ಹಿಡಿದರೆ ನಿಮ್ಮ ಮದುವೆ ಒಟ್ಟು 80 ಜಿಬಿ ಆಸುಪಾಸು. ಹಳೆಯ ಯುಎಸ್‌ಬಿ 2 ಕಾರ್ಡ್ ರೀಡರ್ ಸೆಕೆಂಡಿಗೆ 35 ಎಂಬಿ ಕಳಿಸಿದರೆ ಕಾಪಿ ಆಗಲು ಮುಕ್ಕಾಲು ಗಂಟೆಯ ಹತ್ತಿರ. ಯುಎಸ್‌ಬಿ 3 ರೀಡರ್, ಒಳ್ಳೆಯ ಕಾರ್ಡ್ ಇದ್ದು 90 ಎಂಬಿ ಬಂದರೆ ಕಾಲು ಗಂಟೆ. ಯಾವ ಸಾಫ್ಟ್‌ವೇರ್ ಕೊಂಡರೂ ಈ ಲೆಕ್ಕ ಬದಲಾಗದು. ಕ್ಯಾಟಲಾಗ್ (ಲೈಟ್‌ರೂಮಿನ ಡೇಟಾಬೇಸ್), ಪ್ರಿವ್ಯೂ ಮತ್ತು ಸದ್ಯ ಕೆಲಸ ನಡೆಯುತ್ತಿರುವ ಮದುವೆ ಮಾತ್ರ ಎಸ್‌ಎಸ್‌ಡಿಯಲ್ಲಿರಲಿ, ಹಳೆಯವು ಹಾರ್ಡ್ ಡಿಸ್ಕ್‌ಗೆ ಹೋಗಲಿ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ರಾ ಕ್ಯಾಶ್ (ತೆರೆದ ರಾ ಫೋಟೊಗಳ ತಾತ್ಕಾಲಿಕ ಸಂಗ್ರಹ) 5 ಜಿಬಿ ಇದ್ದರೆ 20ಕ್ಕೆ ಏರಿಸಿ.

ಹೋಲಿಸಿಯೇ ನೋಡಬೇಕೆಂದಿದ್ದರೆ ನಿಮ್ಮದೇ ಒಂದು ಮದುವೆಯ ಫೋಲ್ಡರ್ ಇಟ್ಟುಕೊಳ್ಳಿ. ಒಂದೊಂದು ಸಾಫ್ಟ್‌ವೇರ್‌ಗೂ ಮುಂಚೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಒಮ್ಮೆ ಓದಿದ ಫೈಲ್‌ಗಳನ್ನು ವಿಂಡೋಸ್ ರ್‍ಯಾಮ್‌ನಲ್ಲಿ ಉಳಿಸಿಕೊಳ್ಳುವುದರಿಂದ ಎರಡನೆಯದಾಗಿ ಓಡಿಸಿದ್ದು ಯಾವುದೇ ಇರಲಿ, ವೇಗವಾಗಿ ಕಾಣುತ್ತದೆ. ನೂರು ಫೋಟೊ ತಿರುವಲು ಎಷ್ಟು ಹೊತ್ತು, ಸ್ಲೈಡರ್ ಎಳೆದಾಗ ಚಿತ್ರ ಹಿಂದೆ ಬೀಳುತ್ತದೆಯೇ, ಎಕ್ಸ್‌ಪೋರ್ಟ್ ಎಷ್ಟು ಹೊತ್ತು, ಎಲ್ಲವನ್ನೂ ಬೇರೆ ಬೇರೆ ಬರೆದುಕೊಳ್ಳಿ. ಒಂದರಲ್ಲಿ ಲೆನ್ಸ್ ಕರೆಕ್ಷನ್, ನಾಯ್ಸ್ ರಿಡಕ್ಷನ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ. ಹಳೆಯ ವಿಡಿಯೊಗಳನ್ನಂತೂ ನಂಬಬೇಡಿ: ಎಕ್ಸ್‌ಪೋರ್ಟ್‌ಗೆ ಗ್ರಾಫಿಕ್ಸ್ ಕಾರ್ಡ್ ಬಳಸುವುದನ್ನು ಲೈಟ್‌ರೂಮ್ ಕ್ಲಾಸಿಕ್ ಕಲಿತದ್ದು 2022ರಲ್ಲಿ. 2023ರಲ್ಲಿ ಬಂದ ಎಐ ಡಿನಾಯ್ಸ್‌ನ ವೇಗ ಬಹುಮಟ್ಟಿಗೆ ಆ ಕಾರ್ಡಿನ ಮೇಲೆಯೇ ನಿಂತಿದೆ.

ಡಾರ್ಕ್‌ಟೇಬಲ್ ಒಳ್ಳೆಯ ಸಾಫ್ಟ್‌ವೇರ್. ಆದರೆ ಓಪನ್‌ಸಿಎಲ್ (ಲೆಕ್ಕದ ಭಾರವನ್ನು ಗ್ರಾಫಿಕ್ಸ್ ಕಾರ್ಡಿಗೆ ಹೊರಿಸುವ ವ್ಯವಸ್ಥೆ) ನಡೆಸಬಲ್ಲ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಅದರ ಭಾರದ ಮಾಡ್ಯೂಲ್‌ಗಳು ತೆವಳುತ್ತವೆ. ಕಲಿಯಲೂ ಸಮಯ ಬೇಕು, ಮದುವೆ ಸೀಸನ್ ನಡುವೆ ಆ ಸಾಹಸ ಬೇಡ. ಹಳೆಯ ಫೋಟೊ ಹುಡುಕುವ ವಿಷಯದಲ್ಲಿ ಲೈಟ್‌ರೂಮ್, ಡಾರ್ಕ್‌ಟೇಬಲ್, ಡಿಜಿಕ್ಯಾಮ್ (ಇನ್ನೊಂದು ಉಚಿತ ಫೋಟೊ ಸಾಫ್ಟ್‌ವೇರ್) ಮೂರೂ ಡೇಟಾಬೇಸ್ ಕಟ್ಟಿಕೊಳ್ಳುತ್ತವೆ. ಇಂಪೋರ್ಟ್‌ನಲ್ಲಿ ಕಳೆದ ಸಮಯ ಹುಡುಕಾಟದಲ್ಲಿ ವಾಪಸ್ ಬರುತ್ತದೆ. (ಗೂಗಲ್ 2016ರಲ್ಲಿ ನಿಲ್ಲಿಸಿದ ಪಿಕಾಸಾ ಎಂಬ ಫೋಟೊ ಸಾಫ್ಟ್‌ವೇರನ್ನು ಇಂದಿಗೂ ಬಿಡದವರಿದ್ದಾರೆ. ಅವರನ್ನು ನಾನು ಬೈಯಲಾರೆ.)

ಮುಂದಿನ ಮದುವೆಯನ್ನು ಎಂಬೆಡೆಡ್ ಪ್ರಿವ್ಯೂ, ಎಸ್‌ಎಸ್‌ಡಿ ಇಟ್ಟುಕೊಂಡು ಲೈಬ್ರರಿಯಲ್ಲಿ ಆರಿಸಿ ನೋಡಿ. ಆಗಲೂ ಕೈಗಿಂತ ಫೋಟೊ ನಿಧಾನ ಎನಿಸಿದರೆ ಫೋಟೊ ಮೆಕ್ಯಾನಿಕ್‌ನ ಉಚಿತ ಟ್ರಯಲ್ ಹಾಕಿಕೊಳ್ಳಿ. ಅದರಲ್ಲಿ ಕೊಟ್ಟ ಸ್ಟಾರ್‌ಗಳನ್ನು ಲೈಟ್‌ರೂಮ್ ಇಂಪೋರ್ಟ್ ಮಾಡುವಾಗ ಓದಿಕೊಳ್ಳುತ್ತದೆ, ಆರಿಸಿದ್ದನ್ನೇ ಮತ್ತೆ ಆರಿಸಬೇಕಿಲ್ಲ. ಕ್ಯಾಪ್ಚರ್ ಒನ್‌ಗೆ ಹೋಗುವುದಾದರೆ ಬಣ್ಣ ಇಷ್ಟವಾಯಿತೆಂದು ಹೋಗಿ, ಎಕ್ಸ್‌ಪೋರ್ಟ್ ಬೇಗ ಎಂದಲ್ಲ.